ನೂತನ ಉಪಾಧ್ಯಾಯನು ಕಲಿಯುವ ಪಾಠಗಳು

ವಿದ್ವತ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದುವುದು ಒಂದು ಸಾಧನೆ. ತರಗತಿಯಲ್ಲಿ ತೇರ್ಗಡೆ ಹೊಂದುವುದು ಮತ್ತೊಂದು. ಮೊದಲನೆಯದರ ಫಲಿತಾಂಶವು ಕೆಲವು ವಾರಗಳಲ್ಲಿ ಪ್ರಕಟವಾಗುತ್ತದೆ. ಎರಡನೆಯದಕ್ಕೆ ಎರಡು ಮೂರು ವರ್ಷಗಳಾದರೂ ಬೇಕು. ಅದನ್ನು ಪ್ರಕಟಿಸುವವರು ಪರೀಕ್ಷಾ ಮಂಡಲಿಯವರಲ್ಲ, ಎದುರಿನ ಬೆಂಚುಗಳ ಮೇಲೆ ಕುಳಿತ ಮಕ್ಕಳು. ಪದವಿಯನ್ನೂ ತರಬೇತಿಯನ್ನೂ ಮುಗಿಸಿ ಬಂದ ತರುಣನು ತಾನು ಕಲಿಸಲು ಬಂದವನೆಂದು ಭಾವಿಸಿ ತರಗತಿಯ ಹೊಸ್ತಿಲನ್ನು ದಾಟುತ್ತಾನೆ. ತನ್ನ ವಿದ್ಯಾಭ್ಯಾಸದ ಅತ್ಯಂತ ಕಠಿನವಾದ ಅಧ್ಯಾಯವು ಆ ಹೊಸ್ತಿಲಿನ ಒಳಗೆ ಕಾದಿದೆಯೆಂಬುದು ಅವನಿಗೆ ತಿಳಿದಿರುವುದಿಲ್ಲ. ಆ ಅಧ್ಯಾಯವನ್ನು ಅವನು ಒಬ್ಬನೇ ಓದಿ ಮುಗಿಸಬೇಕೆ, ಅಥವಾ ಸಂಸ್ಥೆಯು ಅವನ ಪಕ್ಕದಲ್ಲಿ ನಿಲ್ಲಬೇಕೆ ಎಂಬುದು ವಿದ್ಯಾಸಂಸ್ಥೆಗಳನ್ನು ನಡೆಸುವವರೆಲ್ಲರೂ ವಿಚಾರಿಸಬೇಕಾದ ವಿಷಯ. ಉಪಾಧ್ಯಾಯನೆಂದು ಹೇಳಿದ ಕಡೆಗಳಲ್ಲೆಲ್ಲ ಉಪಾಧ್ಯಾಯಿನಿಯೂ ಸೇರಿದ್ದಾಳೆಂದು ವಾಚಕರು ಗ್ರಹಿಸತಕ್ಕದ್ದು.

ಬೆಂಗಳೂರಿನ ಹಳೆಯ ಪೇಟೆಯನ್ನು ಬಲ್ಲವರಿಗೆ ಸುಲ್ತಾನ್‌ಪೇಟೆಯ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಒಂದು ಕಡೆಗೆ ಬಳೇಪೇಟೆ, ಇನ್ನೊಂದು ಕಡೆಗೆ ಅಕ್ಕಿಪೇಟೆ, ಅರಳೇಪೇಟೆಗಳು. ನಡುವೆ ಕಾಗದದ ಸಗಟು ವ್ಯಾಪಾರದ ಮಳಿಗೆಗಳು, ಲಗ್ನಪತ್ರಿಕೆಗಳನ್ನು ಮಾರುವ ಅಂಗಡಿಗಳು, ಇಕ್ಕಟ್ಟಾದ ಓಣಿಗಳಲ್ಲಿ ಸರಕು ಹೊತ್ತು ನಿಂತ ಕೈಗಾಡಿಗಳು. ಇಲ್ಲಿಂದ ಅನತಿದೂರದ ಚಾಮರಾಜಪೇಟೆಯಲ್ಲಿ 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರವಿದೆ, ಸಂಸ್ಕೃತ ಮಹಾಪಾಠಶಾಲೆಯಿದೆ. ಕನ್ನಡದ ವಿದ್ವತ್ತು ಒಂದು ಬೀದಿಯಲ್ಲಿ, ಕನ್ನಡವನ್ನು ಇನ್ನೂ ಕಲಿಯಬೇಕಾದ ಮಗು ಮತ್ತೊಂದು ಬೀದಿಯಲ್ಲಿ. ಈ ಭಾಗದ ಶಾಲೆಯ ಎಂಟನೆಯ ತರಗತಿಯೊಂದರಲ್ಲಿ ಮನೆಯಲ್ಲಿ ತೆಲುಗನ್ನಾಡುವ ಮಕ್ಕಳು, ತಮಿಳನ್ನಾಡುವ ಮಕ್ಕಳು, ಉರ್ದು, ಮಾರವಾಡಿ, ಹಿಂದಿಗಳನ್ನಾಡುವ ಮಕ್ಕಳು, ಉತ್ತರ ಕರ್ನಾಟಕದಿಂದ ಕೆಲಸವನ್ನರಸಿ ಬಂದವರ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುವುದು ಅಪರೂಪವಲ್ಲ. ಕೇಶಿರಾಜನ ಸೂತ್ರಗಳನ್ನೂ ಹರಿಹರ ರಾಘವಾಂಕರ ಕಾವ್ಯಗಳನ್ನೂ ಅಭ್ಯಾಸ ಮಾಡಿ ಬಂದ ಕನ್ನಡ ಪಂಡಿತನು ಜೂನ್ ತಿಂಗಳ ಒಂದು ಬೆಳಗ್ಗೆ ಇಂಥ ತರಗತಿಯ ಮುಂದೆ ನಿಲ್ಲುತ್ತಾನೆ. ಇಂಥ ಪಂಡಿತನ ಉದಾಹರಣೆಯನ್ನೇ ತೆಗೆದುಕೊಂಡರೆ ಉಳಿದ ವಿಷಯಗಳ ಉಪಾಧ್ಯಾಯರ ಸ್ಥಿತಿಯೂ ಮನವರಿಕೆಯಾದೀತು.

ಅವನು ಸಂಧಿಪ್ರಕರಣದಿಂದ ಪಾಠವನ್ನು ಆರಂಭಿಸಿದನೆನ್ನೋಣ. ಉತ್ತರಪದದ ಆದಿಯಲ್ಲಿರುವ ಕ, ತ, ಪ ವ್ಯಂಜನಗಳಿಗೆ ಗ, ದ, ಬಗಳು ಆದೇಶವಾಗಿ ಬರುವುವೆಂದು ಹಲಗೆಯ ಮೇಲೆ ಬರೆಯುತ್ತಾನೆ. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಮಕ್ಕಳು ಒಕ್ಕೊರಲಿನಿಂದ ಲಕ್ಷಣವನ್ನು ಒಪ್ಪಿಸುತ್ತಾರೆ. ಪಾಠವು ಚೆನ್ನಾಗಿ ನಡೆಯಿತೆಂದು ಅವನು ಸಂತೋಷಪಡುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಧ್ವನಿ ಕೇಳಿಬರುತ್ತದೆ: “ಹಾಗಾದರೆ ಅಕ್ಕಿಪೇಟೆ ಏಕೆ ಅಕ್ಕಿಬೇಟೆ ಆಗಲಿಲ್ಲ, ಸಾರ್?” ತರಗತಿಯೆಲ್ಲ ನಗುತ್ತದೆ. ತರುಣ ಪಂಡಿತನ ಮುಖ ಕೆಂಪಾಗುತ್ತದೆ. ತನ್ನನ್ನು ಪರಿಹಾಸ್ಯ ಮಾಡಲೆಂದೇ ಹುಡುಗನು ಕೇಳಿದನೆಂದು ಭಾವಿಸಿ, “ಅಧಿಕಪ್ರಸಂಗ ಬೇಡ, ಕುಳಿತುಕೊ” ಎಂದು ಗದರಿಸುತ್ತಾನೆ. ಅಲ್ಲಿಗೆ ತರಗತಿಯು ಮೌನವಾಗುತ್ತದೆ. ಆ ಮೌನವನ್ನು ಶಿಸ್ತೆಂದು ತಿಳಿಯುವುದೇ ಹೊಸ ಉಪಾಧ್ಯಾಯನ ಮೊದಲನೆಯ ತಪ್ಪು.

ವಾಸ್ತವವಾಗಿ ಆ ದಿನ ತರಗತಿಯಲ್ಲಿ ವ್ಯಾಕರಣವನ್ನು ಕಲಿತವನು ಆ ಹುಡುಗನೊಬ್ಬನೇ. ಉಳಿದವರು ಸೂತ್ರವನ್ನು ಉರುಹೊಡೆದರು. ಅವನು ಸೂತ್ರವನ್ನು ತೆಗೆದುಕೊಂಡು ಹೋಗಿ ತನ್ನ ಬೀದಿಯ ಹೆಸರಿಗೆ ಒರೆಹಚ್ಚಿ ನೋಡಿದನು. ಪ್ರಶ್ನೆಯೂ ಸಾಮಾನ್ಯವಾದುದಲ್ಲ. ಹೊಸಗನ್ನಡವೆಂದು ಹೇಳುವ ನಾಡಿನಲ್ಲಿಯೇ ಹೊಸಕೋಟೆಯು ಹೊಸಗೋಟೆಯಾಗಿಲ್ಲ. ಆದೇಶವು ಎಲ್ಲೆಡೆಯಲ್ಲಿಯೂ ಆಗುವುದಿಲ್ಲ. ಸಮಾಸವು ಬಳಕೆಯಲ್ಲಿ ಬೆಸೆದುಕೊಂಡು ನೆಲೆನಿಂತ ಕಡೆ ಆಗುತ್ತದೆ. ಊರುಕೇರಿಗಳ ಹೆಸರುಗಳಲ್ಲಿ ಎರಡು ಪದಗಳೂ ತಂತಮ್ಮ ರೂಪವನ್ನು ಉಳಿಸಿಕೊಂಡು ನಿಲ್ಲುವುದುಂಟು. ಸೂತ್ರವು ಭಾಷೆಯ ನಡೆಯನ್ನು ಹಿಂಬಾಲಿಸಿ ಬಂದುದೇ ಹೊರತು ಭಾಷೆಯು ಸೂತ್ರವನ್ನು ಹಿಂಬಾಲಿಸಿ ಬಂದುದಲ್ಲ. ವ್ಯಾಕರಣಶಾಸ್ತ್ರದ ಈ ಮೂಲತತ್ತ್ವವನ್ನು ಬೋಧಿಸಲು ಅದಕ್ಕಿಂತ ಒಳ್ಳೆಯ ಸಂದರ್ಭವು ವರ್ಷವೆಲ್ಲ ಕಾದರೂ ದೊರೆಯದು. ಅದು ಕೈತಪ್ಪಿಹೋದದ್ದು ಪಂಡಿತನಿಗೆ ಪಾಂಡಿತ್ಯವಿಲ್ಲದ್ದರಿಂದಲ್ಲ, ಕೇಳುವ ಅಭ್ಯಾಸವಿಲ್ಲದ್ದರಿಂದ. “ಒಳ್ಳೆಯ ಪ್ರಶ್ನೆ, ಈಗಲೇ ಉತ್ತರ ಹೊಳೆಯುತ್ತಿಲ್ಲ, ನಾಳೆ ಎಲ್ಲರೂ ಇಂಥ ಐದೈದು ಹೆಸರುಗಳನ್ನು ಹುಡುಕಿಕೊಂಡು ಬನ್ನಿ, ಸೇರಿ ನೋಡೋಣ” ಎಂದಿದ್ದರೆ ಅವನ ಗೌರವಕ್ಕೆ ಕುಂದು ಬರುತ್ತಿರಲಿಲ್ಲ. ತನಗೆ ತಿಳಿಯದುದನ್ನು ತಿಳಿಯದೆಂದು ಹೇಳುವ ಉಪಾಧ್ಯಾಯನ ಉಳಿದ ಮಾತುಗಳನ್ನು ಮಕ್ಕಳು ಹೆಚ್ಚು ನಂಬುತ್ತಾರೆ.

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತುವಿಗೆ ಪ್ರಶ್ನಿಸುವುದು, ಆಲಿಸುವುದು ಎಂಬ ಎರಡು ಅರ್ಥಗಳುಂಟು. ಪಾಠವನ್ನು ಹೇಳುವುದು ಉಪಾಧ್ಯಾಯನ ಕಾರ್ಯ, ಕೇಳುವುದು ವಿದ್ಯಾರ್ಥಿಯ ಕಾರ್ಯ ಎಂಬುದು ರೂಢಿಯ ಮಾತು. ಮೊದಲ ವರ್ಷಗಳು ಹೊಸ ಉಪಾಧ್ಯಾಯನಿಗೆ ಕಲಿಸುವ ಮುಖ್ಯ ಪಾಠವು ಈ ರೂಢಿಯನ್ನು ತಿರುಗಿಸಿ ಹಾಕುತ್ತದೆ: ಎರಡು ಅರ್ಥಗಳಲ್ಲಿಯೂ ಮೊದಲು ಕೇಳಬೇಕಾದವನು ಉಪಾಧ್ಯಾಯನೇ. ಮಗುವಿಗೆ ಏನು ತಿಳಿದಿದೆ, ಎಲ್ಲಿ ತೊಡಕಿದೆ, ಏತಕ್ಕಾಗಿ ತಪ್ಪು ಮಾಡುತ್ತಿದೆ ಎಂಬುದನ್ನು ಕೇಳದೆ ಹೇಳಿದ ಪಾಠವು ವಿಳಾಸವಿಲ್ಲದ ಕಾಗದದಂತೆ. ಬರೆದವನ ಶ್ರಮವು ನಿಜವಾದುದೇ, ಆದರೆ ಅದು ಯಾರನ್ನೂ ಮುಟ್ಟುವುದಿಲ್ಲ.

ಈ ತೊಡಕು ಇಂದಿನದಲ್ಲ. 1823ರಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ಲನು ತನ್ನ ಜಿಲ್ಲೆಯ ಪಾಠಶಾಲೆಗಳ ವಿಚಾರವಾಗಿ ಮದರಾಸು ಸರ್ಕಾರಕ್ಕೆ ಒಂದು ವರದಿಯನ್ನು ಒಪ್ಪಿಸಿದನು. ಆಗ ಆ ಜಿಲ್ಲೆಯಲ್ಲಿ 533 ಪಾಠಶಾಲೆಗಳು, ಅವುಗಳಲ್ಲಿ 6,641 ವಿದ್ಯಾರ್ಥಿಗಳು. ಕನ್ನಡದ ಶಾಲೆಗಳು 235, ತೆಲುಗಿನವು 226. ಮರಾಠಿ, ಪಾರಸಿ, ತಮಿಳುಗಳವೂ ಕೆಲವು ಇದ್ದುವು. ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದಿಸುವ ಮಿತವ್ಯಯದ ಕ್ರಮವನ್ನೂ, ಮುಂದುವರಿದ ವಿದ್ಯಾರ್ಥಿಗಳು ಹಿಂದಿನವರಿಗೆ ಪಾಠ ಹೇಳಿಕೊಡುವ ಪದ್ಧತಿಯನ್ನೂ ಅವನು ಮೆಚ್ಚಿಕೊಂಡನು. ಅದೇ ವರದಿಯಲ್ಲಿ ಒಂದು ದೊಡ್ಡ ಕೊರತೆಯನ್ನೂ ತೋರಿಸಿದನು. ಓದಿಸುತ್ತಿದ್ದ ಗ್ರಂಥಗಳೆಲ್ಲ ಕಾವ್ಯಭಾಷೆಯವು. ಅದು ಆಡುಮಾತಿಗೆ ಬಹುದೂರ. ಮಕ್ಕಳು ನೂರಾರು ಪದ್ಯಗಳನ್ನು ಬಾಯಿಪಾಠವಾಗಿ ಹೇಳಬಲ್ಲವರಾಗಿದ್ದರೂ ಅರ್ಥದ ವಿಷಯದಲ್ಲಿ ಗಿಳಿಗಿಂತ ಹೆಚ್ಚೇನನ್ನೂ ಅರಿಯರು ಎಂಬುದು ಅವನ ಆಕ್ಷೇಪದ ಸಾರಾಂಶ. ಲಿಂಗಾಯತರ ಮಕ್ಕಳು ಓದುತ್ತಿದ್ದ ಗ್ರಂಥಗಳಲ್ಲಿ ಚೆನ್ನಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತಗಳೂ ಆ ವರದಿಯಲ್ಲಿ ಉಲ್ಲಿಖಿತವಾಗಿವೆ.

ಪರದೇಶದ ಅಧಿಕಾರಿಯ ಮಾತೆಂದು ಇದನ್ನು ತಳ್ಳಿಹಾಕುವುದು ಸುಲಭ. ಆ ಗ್ರಂಥಗಳ ಹಿರಿಮೆಯ ಪೂರ್ಣ ಪರಿಚಯವು ಅವನಿಗಿದ್ದಿರಲಾರದು. ಎಳವೆಯಲ್ಲಿ ಕಂಠಸ್ಥವಾದ ಪದ್ಯಗಳು ಪ್ರಾಯದಲ್ಲಿ ಅರ್ಥವನ್ನು ಬಿಟ್ಟುಕೊಡುವುದೂ ಉಂಟು. ಆದರೂ ಎರಡು ಶತಮಾನಗಳಾದ ಮೇಲೆ ಪ್ರಾಮಾಣಿಕನಾದ ಯಾವ ಕನ್ನಡ ಪಂಡಿತನೂ ಆ ಆಕ್ಷೇಪವು ಸಂಪೂರ್ಣವಾಗಿ ನಿರಾಧಾರವೆಂದು ಹೇಳಲಾರನು. ಪುಸ್ತಕದ ಭಾಷೆಗೂ ಮಗುವಿನ ಬಾಯ ಭಾಷೆಗೂ ನಡುವೆ ಇರುವ ಹಳ್ಳವನ್ನು ದಾಟಿಸಲು ಸೇತುವೆಯನ್ನು ಕಟ್ಟುವವನೇ ಉಪಾಧ್ಯಾಯ. ಸುಲ್ತಾನ್‌ಪೇಟೆಯಂಥ ಕಡೆ ಆ ಹಳ್ಳವು ಇನ್ನೂ ಅಗಲ.

ಅಲ್ಲಿ ಹೊಸ ಉಪಾಧ್ಯಾಯನು ಕಲಿಯುವ ಎರಡನೆಯ ಪಾಠವೇನೆಂದರೆ, ಮಗುವಿನ ತಪ್ಪಿಗೂ ಒಂದು ಕಾರಣವಿದೆ ಎಂಬುದು. ಮೊದಲ ವರ್ಷ ಅವನು ಉತ್ತರಪತ್ರಿಕೆಗಳಲ್ಲಿ ಕೆಂಪು ಗೀಟುಗಳನ್ನು ಎಳೆಯುತ್ತಾನೆ. ಎರಡನೆಯ ವರ್ಷ ಆ ಗೀಟುಗಳನ್ನು ಓದಲು ತೊಡಗುತ್ತಾನೆ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ಆ ಮನೆಮಾತಿನ ಮಗುವು ಒಂದರ ಎಡೆಯಲ್ಲಿ ಇನ್ನೊಂದನ್ನು ಬರೆದರೆ ಅದು ಅಲಕ್ಷ್ಯದ ಫಲವಾಗಿರಬೇಕಾಗಿಲ್ಲ. ಕನ್ನಡ ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಎರಡನ್ನೂ ಬಲ್ಲ ಮಗುವಿನ ಬರಹದಲ್ಲಿ ತಲಕಟ್ಟುಗಳು ಬೆರೆತರೆ ಅದು ನೆರೆಹೊರೆಯ ಸ್ನೇಹವೇ ಹೊರತು ಅಪರಾಧವಲ್ಲ. ಕನ್ನಡವನ್ನೇ ಮನೆಮಾತಾಗಿ ಉಳ್ಳ ಮಕ್ಕಳು ಮಹಾಪ್ರಾಣಗಳನ್ನು ನುಂಗಿಬಿಡುವಾಗ, ಉರ್ದು ಮಾತಿನ ಮನೆಯ ಹುಡುಗಿಯೊಬ್ಬಳು ‘ಭಾರತ’ವೆಂಬ ಪದವನ್ನು ಸ್ಪಷ್ಟವಾಗಿ ಉಚ್ಚರಿಸಬಲ್ಲಳು. ಆ ಒಂದು ದಿನ ಅವಳನ್ನೇ ನಿಲ್ಲಿಸಿ ತರಗತಿಗೆಲ್ಲ ಮಹಾಪ್ರಾಣಗಳನ್ನು ಹೇಳಿಸುವ ಬುದ್ಧಿಯು ಉಪಾಧ್ಯಾಯನಿಗೆ ಹೊಳೆದರೆ, ಕನ್ನಡವು ತನ್ನದಲ್ಲವೆಂದು ಹಿಂದೆ ಸರಿದು ಕುಳಿತಿದ್ದ ಮಗುವು ಒಂದು ಬೆಂಚು ಮುಂದಕ್ಕೆ ಬರುತ್ತದೆ.

ಪಾಂಡಿತ್ಯವು ಇಲ್ಲಿಯೇ ಪ್ರಯೋಜನಕ್ಕೆ ಬರುವುದು. ‘ಹಾಲು’ ಎನ್ನಬೇಕಾದ ಕಡೆ ‘ಆಲು’ ಎನ್ನುವ ಹುಡುಗನನ್ನು ಅಣಕಿಸುವುದಕ್ಕೆ ವಿದ್ವತ್ತು ಬೇಕಾಗಿಲ್ಲ. ಹಳಗನ್ನಡದ ‘ಪಾಲ್’ ಎಂಬುದೇ ನಡುಗನ್ನಡದಲ್ಲಿ ‘ಹಾಲ್’ ಆಯಿತು, ಆ ಪಕಾರವು ಹಕಾರವಾದಾಗಲೂ ಹಳೆಯ ಕಿವಿಗಳಿಗೆ ಅದು ತಪ್ಪಾಗಿಯೇ ಕೇಳಿಸಿದ್ದಿರಬಹುದು, ಹುಡುಗನ ನಾಲಗೆಯು ಆ ಹಳೆಯ ದಾರಿಯಲ್ಲಿಯೇ ಇನ್ನೊಂದು ಹೆಜ್ಜೆಯನ್ನು ಇಟ್ಟಿದೆ ಎಂಬುದನ್ನು ಅರಿಯಲು ವಿದ್ವತ್ತು ಬೇಕು. ಬರೆಯುವಾಗ ‘ಹಾಲು’ ಎಂದೇ ಬರೆಯಬೇಕೆಂದು ಅವನನ್ನು ತಿದ್ದಬೇಕಾದುದು ನಿಶ್ಚಯ. ಆದರೆ ಅರಿತು ತಿದ್ದುವವನ ದನಿಯಲ್ಲಿ ತಿರಸ್ಕಾರವಿರುವುದಿಲ್ಲ. ತಿರಸ್ಕಾರವಿಲ್ಲದ ತಿದ್ದುಪಡಿಯು ಮಾತ್ರ ಮಗುವಿನಲ್ಲಿ ನಿಲ್ಲುತ್ತದೆ.

ಮೂರನೆಯ ಪಾಠವು ಶಿಸ್ತಿಗೆ ಸಂಬಂಧಿಸಿದುದು. ಕೂಲಿಮಠಗಳ ಕಾಲದ ಕೋದಂಡವನ್ನೂ ಬೆತ್ತವನ್ನೂ ನೆನೆದು ನಿಟ್ಟುಸಿರಿಡುವ ಹಿರಿಯರು ಇಂದಿಗೂ ಇದ್ದಾರೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತವನ್ನು ಕಳೆದುಕೊಂಡ ಹೊಸ ಉಪಾಧ್ಯಾಯನು ಮೊದಲು ಗಂಟಲನ್ನು ಅವಲಂಬಿಸುತ್ತಾನೆ. ಹೊರಗೆ ಕೈಗಾಡಿಗಳ ಸದ್ದು, ಒಳಗೆ ನಲವತ್ತು ಮಕ್ಕಳ ಸದ್ದು, ಮೇಲೆ ಅವನ ಸದ್ದು. ದಸರೆಯ ರಜೆಯ ವೇಳೆಗೆ ಗಂಟಲು ಒಡೆದಿರುತ್ತದೆ. ಆಮೇಲೆ ಅವನಿಗೆ ಕೆಲವು ಸಣ್ಣ ಸಂಗತಿಗಳು ತಿಳಿಯುತ್ತವೆ. ದನಿಯನ್ನು ತಗ್ಗಿಸಿದರೆ ತರಗತಿಯು ಕಿವಿಗೊಡುತ್ತದೆ. ಒಳಬರುವ ಮೊದಲೇ ಹಲಗೆಯ ಮೇಲೆ ಕೆಲಸವು ಸಿದ್ಧವಾಗಿದ್ದರೆ ಗಲಭೆಗೆ ಅವಕಾಶವಿರುವುದಿಲ್ಲ. “ಏ ಹುಡುಗ” ಎನ್ನುವುದಕ್ಕಿಂತ ಹೆಸರು ಹಿಡಿದು ಕರೆಯುವುದು ಹತ್ತು ಪಾಲು ಬಲವಾದುದು. ಆದಕಾರಣ ಮೊದಲ ವಾರದಲ್ಲಿ ಪಾಠಕ್ಕಿಂತ ಹೆಸರುಗಳನ್ನು ಕಲಿಯುವುದೇ ಮುಖ್ಯ. ಇಡಿಯ ತರಗತಿಗೆ ಒಬ್ಬನ ತಪ್ಪಿಗಾಗಿ ಶಿಕ್ಷೆಯನ್ನು ವಿಧಿಸಿದರೆ, ತಪ್ಪು ಮಾಡಿದವನು ವೀರನಾಗುತ್ತಾನೆ, ಮಾಡದವರು ವಿರೋಧಿಗಳಾಗುತ್ತಾರೆ.

ತರಗತಿಯಲ್ಲಿ ತೂಕಡಿಸುವ ಹುಡುಗನ ವಿಚಾರವೂ ಹಾಗೆಯೇ. ಅವನನ್ನು ನಿಲ್ಲಿಸಿ ಅಪಮಾನ ಪಡಿಸುವುದು ಮೊದಲ ವರ್ಷದ ಉಪಾಯ. ಒಂದು ಸಂಜೆ ಅವನ ಓಣಿಗೆ ಹೋದಾಗ, ಲಗ್ನದ ಕಾಲದಲ್ಲಿ ಅವನ ಮನೆಯವರೆಲ್ಲ ರಾತ್ರಿ ಬಹಳ ಹೊತ್ತಿನವರೆಗೆ ಲಗ್ನಪತ್ರಿಕೆಗಳನ್ನು ಮಡಿಸಿ ಲಕೋಟೆಗಳಿಗೆ ತುಂಬುತ್ತ ಕುಳಿತಿರುವುದು ಕಣ್ಣಿಗೆ ಬಿದ್ದೀತು. ಆ ಮನೆಯವರೊಡನೆ ಮಗುವಿನ ನಿದ್ರೆಯ ವಿಚಾರವಾಗಿ ಸಮಾಧಾನದಿಂದ ಮಾತನಾಡುವುದು ಒಂದು ಕರ್ತವ್ಯ. ಅದೇ ಲಗ್ನಪತ್ರಿಕೆಯ ಕೆಟ್ಟ ಪ್ರತಿಗಳನ್ನು ತರಗತಿಗೆ ತರಿಸಿಕೊಳ್ಳುವುದು ಇನ್ನೊಂದು ಉಪಾಯ. ‘ವಿವಾಹ ಮಹೋತ್ಸವ’ದಲ್ಲಿ ಗುಣಸಂಧಿಯಿದೆ, ‘ಆಗಮನಾಭಿಲಾಷಿ’ಯಲ್ಲಿ ಸವರ್ಣದೀರ್ಘಸಂಧಿಯಿದೆ, ‘ಕರೆಯೋಲೆ’ಯಲ್ಲಿ ಯಕಾರಾಗಮವಿದೆ. ಪಠ್ಯಪುಸ್ತಕದ ಉದಾಹರಣೆಗಳಿಗೆ ಆಕಳಿಸುತ್ತಿದ್ದ ಹುಡುಗನು ತನ್ನ ಮನೆಯ ಕೈಕೆಲಸದಲ್ಲಿ ವ್ಯಾಕರಣವಿರುವುದನ್ನು ಕಂಡು ಕಣ್ಣರಳಿಸುತ್ತಾನೆ. ಮಗುವಿನ ಬೀದಿಯನ್ನು ಅರಿತ ಉಪಾಧ್ಯಾಯನಿಗೆ ಉದಾಹರಣೆಗಳ ಕೊರತೆಯಿಲ್ಲ.

ಕನ್ನಡದ ಹಿರಿಯರಲ್ಲಿ ಹಲವರು ಈ ದಾರಿಯಲ್ಲಿ ನಡೆದವರೇ. ಜಿ. ಪಿ. ರಾಜರತ್ನಂ ಅವರು ಕನ್ನಡದಲ್ಲಿ ಎಂ.ಎ. ಪದವಿಯನ್ನು ಪಡೆದವರಾಗಿದ್ದರೂ ವೃತ್ತಿಜೀವನದ ಆರಂಭದಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿದರು. ಪುಸ್ತಕದ ಪದ್ಯಗಳು ಮಕ್ಕಳ ಬಾಯಿಗೆ ಹತ್ತದಿರುವುದನ್ನು ಕಂಡು ಅವರು ಮಕ್ಕಳನ್ನು ದೂರಲಿಲ್ಲ; ಮಕ್ಕಳ ಬಾಯಿಗೆ ಒಗ್ಗುವ ಪದ್ಯಗಳನ್ನು ತಾವೇ ರಚಿಸಿದರು. ‘ತುತ್ತೂರಿ’ ಎಂಬ ಸಂಗ್ರಹವು ಹುಟ್ಟಿದ್ದು ಹೀಗೆ. ಕನ್ನಡ ಶಿಶುಸಾಹಿತ್ಯದ ಒಂದು ಮುಖ್ಯ ಕೃತಿಯು ಒಬ್ಬ ಹೊಸ ಉಪಾಧ್ಯಾಯನು ಮಕ್ಕಳ ತೊಡಕಿಗೆ ಕಿವಿಗೊಟ್ಟುದರ ಫಲವೆಂಬುದನ್ನು ಮರೆಯಬಾರದು. ಅವರಿಗಿಂತ ಹಿಂದಿನವರಾದ ಪಂಜೆ ಮಂಗೇಶರಾಯರು ಉಪಾಧ್ಯಾಯರಾಗಿಯೂ ಶಾಲಾ ಇನ್‌ಸ್ಪೆಕ್ಟರಾಗಿಯೂ ದುಡಿದವರು, 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅವರು ತಮಗೆ ಇಟ್ಟುಕೊಂಡ ಕಾವ್ಯನಾಮ ‘ಕವಿಶಿಷ್ಯ’. ಜೀವಮಾನವೆಲ್ಲ ಕಲಿಸಿದ ಹಿರಿಯರೊಬ್ಬರು ತಮ್ಮನ್ನು ಶಿಷ್ಯರೆಂದೇ ಕರೆದುಕೊಂಡದ್ದು ಹೊಸ ಉಪಾಧ್ಯಾಯರು ಮನಸ್ಸಿನಲ್ಲಿಡಬೇಕಾದ ಸಂಗತಿ.

ಇಷ್ಟನ್ನೆಲ್ಲ ಹೊಸ ಉಪಾಧ್ಯಾಯನು ತಾನಾಗಿಯೇ ಕಲಿತುಕೊಳ್ಳುವನೆಂಬ ನಂಬಿಕೆಯು ಬಹುಕಾಲದಿಂದ ಇದೆ. “ನೀರಿಗಿಳಿದ ಮೇಲೆ ಈಜು ತಾನಾಗಿಯೇ ಬರುತ್ತದೆ, ತಮಗೂ ಹಾಗೆಯೇ ಬಂತು” ಎಂದು ಹೇಳುವ ಹಿರಿಯ ಉಪಾಧ್ಯಾಯರು ವಿರಳರಲ್ಲ. ಮುಳುಗಿದವರು ಬಂದು ಸಾಕ್ಷಿ ಹೇಳುವುದಿಲ್ಲವಾದ್ದರಿಂದ ಈ ವಾದವು ಗೆಲ್ಲುತ್ತ ಬಂದಿದೆ. ಮೊದಲ ವರ್ಷವೇ ಬೇಸತ್ತು ವೃತ್ತಿಯನ್ನು ತ್ಯಜಿಸಿದವರು ಇದ್ದಾರೆ. ಅವರಿಗಿಂತಲೂ ಶೋಚನೀಯರೆಂದರೆ, ವೃತ್ತಿಯಲ್ಲಿಯೇ ಉಳಿದು, ಮೊದಲ ವರ್ಷದ ಭಯದಲ್ಲಿ ರೂಢಿಸಿಕೊಂಡ ಗದರಿಕೆಯನ್ನೇ ಮೂವತ್ತು ವರ್ಷ ಮುಂದುವರಿಸಿಕೊಂಡು ಹೋದವರು. ಅವರು ಮೂವತ್ತು ವರ್ಷ ಪಾಠ ಹೇಳಿದವರಲ್ಲ. ಒಂದೇ ವರ್ಷವನ್ನು ಮೂವತ್ತು ಸಲ ಹೇಳಿದವರು. ಆ ಈಜಿನ ಪಾಠಕ್ಕೆ ತ್ಯಾಗ ಮಾಡಿದವರು ಮಕ್ಕಳೆಂಬುದನ್ನೂ ಗಮನಿಸಬೇಕು. ಉಪಾಧ್ಯಾಯನಿಗೆ ಮೊದಲ ವರ್ಷದ ತಪ್ಪನ್ನು ಮುಂದಿನ ವರ್ಷ ತಿದ್ದಿಕೊಳ್ಳಲು ಅವಕಾಶವಿದೆ. ಆ ತರಗತಿಯಲ್ಲಿ ಕುಳಿತಿದ್ದ ಮಗುವಿಗೆ ಎಂಟನೆಯ ತರಗತಿಯು ಮತ್ತೆ ಬರುವುದಿಲ್ಲ.

ತರಬೇತಿ ಕಾಲೇಜುಗಳು ಈ ಕಾರ್ಯವನ್ನು ಮಾಡಿ ಮುಗಿಸಿರುತ್ತವೆಯಲ್ಲವೆ ಎಂಬ ಪ್ರಶ್ನೆಯು ಸಹಜ. ರಾಷ್ಟ್ರೀಯ ಉಪಾಧ್ಯಾಯ ಶಿಕ್ಷಣ ಮಂಡಲಿಯು 2014ರ ನಿಯಮಾವಳಿಯ ಮೂಲಕ ಬಿ.ಎಡ್. ಶಿಕ್ಷಣವನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಅದರಲ್ಲಿ 20 ವಾರಗಳನ್ನು ಶಾಲೆಯ ಅನುಭವಕ್ಕಾಗಿ ಮೀಸಲಿಟ್ಟಿತು. ಅದು ಸ್ವಾಗತಾರ್ಹವಾದ ಕ್ರಮವೇ. ಆದರೆ ಆ 20 ವಾರಗಳಲ್ಲಿ ತರಗತಿಯು ಬೇರೊಬ್ಬರದು. ತಪ್ಪಿದರೆ ಹಿಡಿಯಲು ಮತ್ತೊಬ್ಬರಿದ್ದಾರೆ. ತನ್ನದೇ ತರಗತಿಯ ಹೊಣೆಯು ಹೆಗಲೇರಿದ ದಿನ ಆ ಮತ್ತೊಬ್ಬರು ಕಾಣಿಸುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅನುಭವಿಗಳಿಂದ ಉಪಾಧ್ಯಾಯರಿಗೆ ಮಾರ್ಗದರ್ಶನ ದೊರೆಯಬೇಕೆಂದೂ, ಪ್ರತಿಯೊಬ್ಬ ಉಪಾಧ್ಯಾಯನೂ ವರ್ಷಕ್ಕೆ 50 ಗಂಟೆಗಳನ್ನು ತನ್ನ ವೃತ್ತಿಯ ಅಭಿವೃದ್ಧಿಗೆ ವಿನಿಯೋಗಿಸಬೇಕೆಂದೂ ಸೂಚಿಸಿದೆ. ನೀತಿಯು ಕಾಗದದಿಂದ ಇಳಿದು ಉಪಾಧ್ಯಾಯರ ಕೊಠಡಿಗೆ ಬರಬೇಕಾದರೆ ಆ ಕೊಠಡಿಯಲ್ಲಿರುವವರ ಮನಸ್ಸು ಬೇಕು.

ವಾಡಿಕೆಯು ಇದಕ್ಕೆ ವಿರುದ್ಧವಾಗಿದೆ. ಹೆಚ್ಚು ಗಲಭೆಯ ವಿಭಾಗ ಯಾವುದೋ ಅದು ಹೊಸಬನಿಗೆ. ಮಧ್ಯಾಹ್ನದ ಊಟವಾದ ಮೇಲಿನ ಅವಧಿಗಳು ಹೊಸಬನಿಗೆ. ರಜೆ ಹಾಕಿದವರ ತರಗತಿಗಳು ಹೊಸಬನಿಗೆ. ವಾರ್ಷಿಕೋತ್ಸವದ ನಾಟಕವೂ ಹೊಸಬನಿಗೆ. ತರುಣನಲ್ಲವೆ, ದುಡಿಯಲಿ ಎಂಬುದು ಸಮರ್ಥನೆ. ಹೊಸದಾಗಿ ಹಿಡಿದ ಎತ್ತಿಗೆ ಯಾವ ಒಕ್ಕಲಿಗನೂ ಮೊದಲ ದಿನವೇ ಒಂಟಿಯಾಗಿ ನೊಗ ಹೂಡುವುದಿಲ್ಲ. ಪಳಗಿದ ಎತ್ತಿನ ಜೊತೆಯಲ್ಲಿ ಹೂಡುತ್ತಾನೆ. ಒಕ್ಕಲಿಗನು ಎತ್ತಿಗೆ ತೋರಿಸುವ ವಿವೇಕವನ್ನು ವಿದ್ಯಾಸಂಸ್ಥೆಗಳು ಉಪಾಧ್ಯಾಯನಿಗೆ ತೋರಿಸದಿರುವುದು ಆಶ್ಚರ್ಯಕರ. ಸಾಲದುದಕ್ಕೆ ಖಾಯಂ ನೇಮಕಗಳು ವಿರಳವಾಗಿವೆ. ಸರ್ಕಾರಿ ಶಾಲೆಗಳಲ್ಲಿ ಅತಿಥಿ ಶಿಕ್ಷಕರು ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ನೇಮಕವಾಗುತ್ತಾರೆ. ಖಾಸಗಿ ಶಾಲೆಗಳಲ್ಲಿಯೂ ತಾತ್ಕಾಲಿಕವಾಗಿ ಬಂದು ಮಾರ್ಚಿಯಲ್ಲಿ ಹೋಗುವವರು ಅನೇಕರು. ಮೊದಲ ವರ್ಷ ತಪ್ಪು ಮಾಡಿ, ಎರಡನೆಯ ವರ್ಷ ತಿದ್ದಿಕೊಂಡು, ಮೂರನೆಯ ವರ್ಷ ಉಪಾಧ್ಯಾಯನಾಗುವುದು ಈ ವೃತ್ತಿಯ ಕ್ರಮ. ಎರಡನೆಯ ವರ್ಷವೇ ದೊರೆಯದವನು ಮೊದಲ ವರ್ಷದ ತಪ್ಪುಗಳೊಡನೆ ಬೇರೊಂದು ಶಾಲೆಯಲ್ಲಿ ಮತ್ತೆ ಹೊಸಬನಾಗುತ್ತಾನೆ. ಇಲ್ಲಿಯ ಮಕ್ಕಳಿಗೆ ಮತ್ತೊಬ್ಬ ಹೊಸಬನು ಬರುತ್ತಾನೆ.

ಹೊಸಬರಿಗೆ ಜೊತೆಗಾರರಿದ್ದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ತರುಣ ಉಪಾಧ್ಯಾಯರು ಕೂಡಿ ಒಂದು ಆಂಗ್ಲ ದೇಶೀಯ ಶಾಲೆಯನ್ನು ಆರಂಭಿಸಿದರು. ಅವರಲ್ಲಿ ಮುಂದೆ ವಚನಸಾಹಿತ್ಯದ ಸಂಪಾದಕರಾಗಿ ಪ್ರಸಿದ್ಧರಾದ ಶಿ. ಶಿ. ಬಸವನಾಳರೂ ಎಂ. ಆರ್. ಸಾಖರೆಯವರೂ ಇದ್ದರು. ವಂಟಮುರಿಯ ಲಖಮಗೌಡ ಸರದೇಸಾಯಿಯವರಂಥ ದಾನಿಗಳು ಬೆಂಬಲಕ್ಕೆ ನಿಂತರು. ಆ ಚಿಕ್ಕ ಶಾಲೆಯೇ ಇಂದಿನ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಬೀಜ. ಆ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಅವರ ತ್ಯಾಗವನ್ನು ಹೊಗಳುತ್ತಾರೆ, ಹೊಗಳತಕ್ಕದ್ದೇ. ಅದರೊಡನೆ ಇನ್ನೊಂದನ್ನು ಗಮನಿಸಬೇಕು: ಅವರು ಏಳು ಮಂದಿಯಿದ್ದರು. ಒಬ್ಬನು ಸೋತ ಸಂಜೆ ಮಾತನಾಡಿಸಲು ಇನ್ನಾರು ಮಂದಿಯಿದ್ದರು.

ಎಂ. ಆರ್. ಶ್ರೀನಿವಾಸಮೂರ್ತಿಗಳು 1949ರಲ್ಲಿ ಪ್ರಕಟಿಸಿದ ‘ರಂಗಣ್ಣನ ಕನಸಿನ ದಿನಗಳು’ ಎಂಬ ಕಾದಂಬರಿಯ ತಿರುಳೂ ಇದೇ. ಸ್ವತಃ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಸೇವೆ ಸಲ್ಲಿಸಿದವರಾದ ಅವರು ಆ ಕಾದಂಬರಿಯಲ್ಲಿ ಇನ್‌ಸ್ಪೆಕ್ಟರ್ ರಂಗಣ್ಣನ ಕಣ್ಣಿನಿಂದ ಹಳ್ಳಿಯ ಮೇಷ್ಟರುಗಳ ಬಡತನವನ್ನೂ ಒಂಟಿತನವನ್ನೂ ಚಿತ್ರಿಸಿದ್ದಾರೆ. ರಂಗಣ್ಣನು ತಪ್ಪು ಹಿಡಿಯುವ ಅಧಿಕಾರಿಯಾಗುವುದಕ್ಕಿಂತ ಉಪಾಧ್ಯಾಯರ ಸಂಘಗಳ ಸಭೆಗಳನ್ನು ಕೂಡಿಸಿ, ಅವರು ಪರಸ್ಪರ ಪಾಠಕ್ರಮವನ್ನು ನೋಡಿ ಕಲಿಯುವಂತೆ ಮಾಡಲು ಹೆಣಗುತ್ತಾನೆ. ವಚನಧರ್ಮದ ವಿಚಾರದಲ್ಲಿಯೂ ಪ್ರಮಾಣಭೂತವಾದ ಗ್ರಂಥವನ್ನು ಬರೆದ ಆ ವಿದ್ವಾಂಸರಿಗೆ, ಅನುಭವಿಗಳು ಒಟ್ಟಾಗಿ ಕುಳಿತು ಮಾತನಾಡುವುದರ ಬೆಲೆ ಗೊತ್ತಿತ್ತು. ಅನುಭವ ಮಂಟಪವನ್ನು ದಿನನಿತ್ಯ ಸ್ಮರಿಸುವ ಸಂಸ್ಥೆಗಳಲ್ಲಿ ಉಪಾಧ್ಯಾಯರು ತಮ್ಮ ತರಗತಿಯ ಅನುಭವವನ್ನು ಹೇಳಿಕೊಳ್ಳಲು ವಾರಕ್ಕೊಂದು ಗಂಟೆಯೂ ಇಲ್ಲದಿದ್ದರೆ ಆ ಸ್ಮರಣೆಯು ಅಪೂರ್ಣವಾದುದು.

ಆದಕಾರಣ ಮಾಡಬೇಕಾದುದೇನು? ಬಹಳವೇನೂ ಇಲ್ಲ. ಮೊದಲ ಎರಡು ವರ್ಷ ಹೊಸ ಉಪಾಧ್ಯಾಯನಿಗೆ ವಾರದ ಅವಧಿಗಳಲ್ಲಿ ಕೆಲವನ್ನು ಕಡಿಮೆ ಮಾಡಿ, ಆ ವೇಳೆಯಲ್ಲಿ ಅವನು ಹಿರಿಯರ ತರಗತಿಗಳಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತು ನೋಡುವಂತಾಗಬೇಕು. ಹಿರಿಯರೊಬ್ಬರು ವಾರಕ್ಕೊಮ್ಮೆ ಅವನ ತರಗತಿಯಲ್ಲಿ ಕುಳಿತುಕೊಳ್ಳಬೇಕು. ಕೈಯಲ್ಲಿ ತನಿಖೆಯ ಪುಸ್ತಕವಿರಬಾರದು, ಕಂಡುದನ್ನು ಮುಖ್ಯೋಪಾಧ್ಯಾಯರಿಗೆ ವರದಿ ಮಾಡಬಾರದು. ಇಬ್ಬರೇ ಇರುವಾಗ ಒಂದು ಒಳ್ಳೆಯದನ್ನೂ ಒಂದು ತಿದ್ದತಕ್ಕದ್ದನ್ನೂ ಹೇಳಿದರೆ ಸಾಕು. ಶನಿವಾರದ ಅರ್ಧದಿನವಾದ ಮೇಲೆ ಉಪಾಧ್ಯಾಯರೆಲ್ಲ ಕೂಡಿ, ಆ ವಾರ ಕೆಟ್ಟುಹೋದ ಪಾಠವೊಂದನ್ನು ಕುರಿತು ಮಾತನಾಡಬೇಕು. ಮೊದಲು ಮಾತನಾಡುವವರು ಅತ್ಯಂತ ಹಿರಿಯರೇ ಆಗಿರಬೇಕು. ಮೂವತ್ತು ವರ್ಷ ಪಾಠ ಹೇಳಿದವರು “ಈ ವಾರ ತಮ್ಮ ಪಾಠವೊಂದು ಮಕ್ಕಳಿಗೆ ಹತ್ತಲಿಲ್ಲ” ಎಂದು ಒಪ್ಪಿಕೊಂಡ ದಿನ, ಹೊಸಬನು ತನ್ನ ಅಕ್ಕಿಪೇಟೆಯ ಕಥೆಯನ್ನು ಸಂಕೋಚವಿಲ್ಲದೆ ಹೇಳುತ್ತಾನೆ. ಅಲ್ಲಿಯೇ ಯಾರಾದರೊಬ್ಬರು ಹೊಸಕೋಟೆಯನ್ನು ನೆನಪಿಗೆ ತಂದುಕೊಡುತ್ತಾರೆ.

ಇದಕ್ಕೆ ದಾನಿಗಳ ನೆರವೂ ಬೇಕು. ಕೊಠಡಿಗೆ ದಾನ ಕೊಟ್ಟವರ ಹೆಸರು ಗೋಡೆಯ ಕಲ್ಲಿನ ಮೇಲೆ ನಿಲ್ಲುತ್ತದೆ. ಅದು ಯೋಗ್ಯವಾದುದೇ, ಕೊಠಡಿಯಿಲ್ಲದೆ ಪಾಠವಿಲ್ಲ. ಆದರೆ ಕೊಠಡಿಯು ತಾನಾಗಿ ಪಾಠ ಹೇಳುವುದಿಲ್ಲ. ನಿವೃತ್ತರಾದ ಒಬ್ಬ ಸಮರ್ಥ ಉಪಾಧ್ಯಾಯರಿಗೆ ಮಿತವಾದ ಗೌರವಧನವನ್ನು ಕೊಟ್ಟು, ಹೊಸಬರ ಪಕ್ಕದಲ್ಲಿ ನಿಲ್ಲುವ ಕಾರ್ಯಕ್ಕೆ ನಿಯೋಜಿಸುವ ಒಂದು ದತ್ತಿಯನ್ನು ಸ್ಥಾಪಿಸಿದರೆ, ಒಂದು ಕೊಠಡಿಯ ವೆಚ್ಚಕ್ಕಿಂತ ಕಡಿಮೆ ವೆಚ್ಚದಲ್ಲಿ ಹಲವು ಕೊಠಡಿಗಳು ಜೀವಂತವಾಗುತ್ತವೆ. ಅನ್ನದಾಸೋಹಕ್ಕೆ ಕೈ ಹಿಂದೆಗೆಯದ ಸಮಾಜವು ಅನುಭವದ ದಾಸೋಹಕ್ಕೂ ಕೈ ನೀಡುವುದೆಂದು ಆಶಿಸುವುದು ಅತಿಯಾಗಲಾರದು. ಆಡಳಿತ ಮಂಡಲಿಗಳು ತಮ್ಮ ಪಾಲಿಗೆ, ಒಳ್ಳೆಯ ತರುಣನೊಬ್ಬನು ದೊರೆತರೆ ಅವನನ್ನು ಮೂರು ವರ್ಷವಾದರೂ ಭಯವಿಲ್ಲದೆ ಇರಗೊಡಬೇಕು. ಹಳೆಯ ವಿದ್ಯಾರ್ಥಿಗಳಿಗೆ ಇನ್ನೊಂದು ಸುಲಭವಾದ ಸೇವೆಯಿದೆ: ತಾವು ತರಗತಿಯಲ್ಲಿ ಯಾವ ಪಾಠದಲ್ಲಿ ಕಣ್ಣು ತೆರೆದೆವು, ಯಾವ ಮಾತಿನಿಂದ ಬಾಯಿ ಮುಚ್ಚಿಕೊಂಡೆವು ಎಂಬುದನ್ನು ಬಂದು ಹೇಳುವುದು. ಹೊಸ ಉಪಾಧ್ಯಾಯನಿಗೆ ಅದಕ್ಕಿಂತ ಬೆಲೆಯುಳ್ಳ ಪಠ್ಯವಿಲ್ಲ.

ಹೊಸ ಉಪಾಧ್ಯಾಯನು ತನ್ನ ಪಾಂಡಿತ್ಯವನ್ನು ಬಿಟ್ಟುಕೊಡಬೇಕಾಗಿಲ್ಲ. ಅದನ್ನು ಮಗುವಿನ ಬೀದಿಯವರೆಗೆ ನಡೆಸಿಕೊಂಡು ಹೋಗಬೇಕು. ಆ ದಾರಿಯು ಚಾಮರಾಜಪೇಟೆಯಿಂದ ಸುಲ್ತಾನ್‌ಪೇಟೆಗಿರುವಷ್ಟೇ ದೂರ. ಆದರೂ ಅದನ್ನು ನಡೆಯಲು ಕೆಲವರಿಗೆ ಮೂರು ವರ್ಷ ಹಿಡಿಯುತ್ತದೆ, ಒಂಟಿಯಾದವರಿಗೆ ಒಂದು ಜೀವಮಾನವೂ ಸಾಲದು. ಹಿಂದಿನ ಬೆಂಚಿನ ಹುಡುಗನು ಈ ವರ್ಷವೂ ತನ್ನ ಪ್ರಶ್ನೆಯನ್ನು ಕೇಳುತ್ತಾನೆ. ಅವನನ್ನು ಕುಳ್ಳಿರಿಸದೆ ಕೇಳಿಸಿಕೊಳ್ಳುವ ಉಪಾಧ್ಯಾಯನು ಆ ದಿನ ತರಗತಿಯಲ್ಲಿ ಇರುವಂತೆ ನೋಡಿಕೊಳ್ಳುವುದು ಸಂಸ್ಥೆಯ ಹೊಣೆ.